ಮೂರು ಕೊಟೇಶನ್ನಿನ ಸರಪಳಿ

ನನ್ನ ಯಜಮಾನರೂ ಅವರ ಇಬ್ಬರು ಸ್ನೇಹಿತರೂ ಸೇರಿ ಎರ್ನಾಕುಲಂ ಹತ್ತಿರದ ಏಲೂರಿನ ಆಚೆ ಒಂದು ಗದ್ದೆಯನ್ನು ಗೇಣಿಗೆ ಹಿಡಿದಿದ್ದರು. ಮೂವರೂ ಕಾಸರಗೋಡಿನವರು, ಎರ್ನಾಕುಲಂನಲ್ಲೇ ಸರಕಾರಿ ಕೆಲಸ. ಫೈಲು ತೆರೆಯದೆ ಮಣ್ಣು ಮುಟ್ಟುವವರಲ್ಲ. ಹಳೆಯ ಟ್ರ್ಯಾಕ್ಟರೊಂದನ್ನೂ ಕೊಂಡರು. ಗದ್ದೆಗೆ ಹೋಗಲು ಜೇಡಿಮಣ್ಣಿನ ಒಂದು ದಿಬ್ಬ ಹತ್ತಬೇಕು. ಅಲ್ಲಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿದವು. ಜಾರದಂತೆ ಟಯರಿಗೆ ಸರಪಳಿ ಸುತ್ತಬೇಕೆಂದಾಯಿತು.

ಇತ್ತ ನಮ್ಮ ಕಾರ್‌ಶೆಡ್ಡಿನಲ್ಲಿ ಬಿತ್ತನೆಯ ಭತ್ತ ಗೋಣಿಯೊಳಗೆ ಮೊಳಕೆಯೊಡೆದಿತ್ತು. ದಿನಾ ಕೈಹಾಕಿ ಬಿಸಿ ನೋಡಿ ನೀರು ಚಿಮುಕಿಸುತ್ತಿದ್ದವಳು ನಾನು. ಮೊಳಕೆ ಉದ್ದವಾಗಿ ಹೆಣೆದುಕೊಂಡರೆ ಬಿತ್ತಲು ಬರುವುದಿಲ್ಲ. ಅದಕ್ಕೆ ಮೊದಲು ಉಳುಮೆ ಆಗಬೇಕಿತ್ತು.

"ಟಯರಿನ ಅಳತೆ ಹಿಡ್ಕೊಂಡು ಹೋಗಿ ಇವತ್ತೇ ತನ್ನಿ ಮಾರಾಯ್ರೇ" ಎಂದೆ.

"ಹಾಗೆಲ್ಲ ತರ್ಲಿಕ್ಕೆ ಆಗ್ತದಾ? ಮೂರು ಅಂಗಡಿಯ ಕೊಟೇಶನ್ ಬೇಕು. ನಾಳೆ ಯಾರಾದ್ರೂ ಕೇಳಿದ್ರೆ?" ಎಂದರು ಯಜಮಾನರು.

ಯಾರು ಕೇಳುವುದು, ಗದ್ದೆಯ ಕೊಕ್ಕರೆಯೇ?

ಎರ್ನಾಕುಲಂನಿಂದ ಎರಡು ಬಂದವು. ಮೂರನೆಯದು ತಿರುವನಂತಪುರದ ಚಾಲೈ ಪೇಟೆಯಿಂದ. ಸ್ನೇಹಿತರಲ್ಲೊಬ್ಬರು ಮೀಟಿಂಗಿಗೆಂದು ಅಲ್ಲಿಗೆ ಹೋಗಿದ್ದರು. ನಮ್ಮ ಊಟದ ಮೇಜಿನ ಸುತ್ತ ಸಭೆ ಸೇರಿತು. ನಾನು ಕರಿದ ಗೋಳಿಬಜೆ ಮುಗಿಯುವಷ್ಟರಲ್ಲಿ ಅತಿ ಕಡಿಮೆ ದರದ ಚಾಲೈ ಗೆದ್ದಿತು. ದರ ನೋಡಿದರು, ಸಹಿ ನೋಡಿದರು, ಅಳತೆಯನ್ನು ಮಾತ್ರ ಒಬ್ಬರೂ ನೋಡಲಿಲ್ಲ.

ಸರಪಳಿ ರೈಲಿನಲ್ಲಿ ಬಂತು. ನಮ್ಮ ಅಂಗಳದಲ್ಲಿ ಹಾಸಿ, ಅದರ ಮೇಲೆ ಟ್ರ್ಯಾಕ್ಟರು ಹತ್ತಿಸಿ, ಎರಡು ತುದಿ ಎಳೆದು ನೋಡಿದರು. ಒಂದು ಮೊಳ ಕಡಿಮೆ ಬಿತ್ತು. ಅದು ಲಾರಿಯ ಚಕ್ರದ್ದು.

"ಗಾಳಿ ಬಿಡುವ. ಟಯರ್ ಸಣ್ಣ ಆಗ್ತದೆ" ಎಂದರು ಚಾಲೈಯ ಕೊಟೇಶನ್ ತಂದ ಪುಣ್ಯಾತ್ಮರು.

"ಹೊಟ್ಟೆಯ ಗಾಳಿ ಬಿಟ್ರೆ ನಿಮ್ಮ ಹಳೇ ಪ್ಯಾಂಟು ಆಗ್ತದಾ?" ಎಂದೆ.

ಯಾರೂ ನಗಲಿಲ್ಲ. ಗಾಳಿ ಬಿಟ್ಟರು, ಟಯರು ಚಪ್ಪಟೆಯಾಯಿತೇ ಹೊರತು ಸಣ್ಣದಾಗಲಿಲ್ಲ. ಮತ್ತೆ ಗಾಳಿ ತುಂಬಿಸಿ, ನನ್ನ ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಬಿಚ್ಚಿಕೊಂಡು ಹೋಗಿ ದಿಬ್ಬದ ಬುಡದಲ್ಲಿ ತುದಿಗಳನ್ನು ಬಿಗಿದರು. ದಿಬ್ಬದ ಅರ್ಧಕ್ಕೆ ಹಗ್ಗ ಹರಿಯಿತು. ಸರಪಳಿ ಮಡ್‌ಗಾರ್ಡಿಗೆ ಬಡಿದು ಕೆಸರಿಗೆ ಬಿತ್ತು, ಟ್ರ್ಯಾಕ್ಟರು ಜಾರಿ ಕೆಳಗೆ ಬಂದು ಕೂತಿತು.

ಯಜಮಾನರು ಕೆಸರುಗಾಲಿನಲ್ಲೇ ಕಾರ್‌ಶೆಡ್ಡಿಗೆ ಬಂದು ಗೋಣಿಯನ್ನು ಒಮ್ಮೆ ಮುಟ್ಟಿದರು. "ಇದನ್ನು ಇನ್ನೆರಡು ದಿನ ಇಡ್ಲಿಕ್ಕೆ ಆಗ್ತದಾ?"

"ಅದಕ್ಕೂ ಮೂರು ಕೊಟೇಶನ್ ತರಿಸಿ" ಎಂದು ಗೋಣಿ ಬಿಚ್ಚಿದೆ. ಮೊಳಕೆಯೆಲ್ಲ ಒಂದೇ ಚಾಪೆಯಾಗಿ ಎದ್ದು ಬಂತು. ನಾನು ಅದನ್ನು ಹರಿದು ಹರಿದು ಪಕ್ಕದ ಮನೆಯ ಚೇಚಿಯಕ್ಕನ ಬಾತುಕೋಳಿಗಳಿಗೆ ಹಾಕಿದೆ.