ಕನ್ಯಾ ನೋಡಲು ಬಂದ ಸ್ಪಿನ್ ಪಂಡಿತರು

ತೆಲಂಗಾಣ ಚಳವಳಿಯ ದಿನಗಳಲ್ಲಿ ಜಹೀರಾಬಾದಿನಲ್ಲಿ ಬಂದ್ ಎಂದರೆ ಹೈವೇಯ ಮೇಲೆ ಅಡುಗೆ, ಅಲ್ಲೇ ಊಟ, ಉಂಡದ್ದು ಅರಗಲು ಕ್ರಿಕೆಟ್. ಅಂಥದೇ ಒಂದು ದಿನ ನನ್ನನ್ನು ನೋಡಲು ತಾಂಡೂರಿನಿಂದ ಗಂಡಿನವರು ಬಂದರು. ಬಂದ್ ಶುರುವಾಗುವ ಮೊದಲೇ ಬಂದು, ನೋಡಿ, ಹೊರಟುಬಿಡುವುದು ಅವರ ಎಣಿಕೆ. ಅವರು ಚಪ್ಪಲಿ ಬಿಡುವಷ್ಟರಲ್ಲಿ ರಸ್ತೆ ಮುಚ್ಚಿತು. ಸಂಜೆಯವರೆಗೆ ನಮ್ಮ ಪಡಸಾಲೆಯೇ ಗತಿಯಾಯಿತು.

ಆಗಷ್ಟೇ ನನಗೆ ನ್ಯಾಲ್ಕಲ್ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು. ಜೀಪಿನಲ್ಲಿ ಇಕ್ಕಟ್ಟಾಗಿ ಕುಳಿತು ಹೋಗಿಬರುವ ಆ ನೌಕರಿ ನನಗೆ ಪ್ರಾಣ. ಬೇಕಾದರೆ ತಾಂಡೂರಿನ ಕಡೆಗೆ ವರ್ಗ ಮಾಡಿಸಿಕೊಂಡೇನು, ಬಿಡಲಾರೆ. ಮದುವೆಯಾದ ಮೇಲೆ ನೌಕರಿಗೆ ಕಳಿಸುತ್ತಾರೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು. ಅಪ್ಪ ತೀರಿದ ಮೇಲೆ ಮನೆಗೆ ಹಿರಿಯನಾಗಿದ್ದ ಕಾಕಾ, "ನಾ ಕೇಳ್ತೀನಿ, ನೀ ಸುಮ್ಮ ಕೂಡು" ಎಂದು ಮಾತು ಕೊಟ್ಟಿದ್ದ.

ಸೆರಗು ಹೊದ್ದು ಚಾಪೆಯ ಮೇಲೆ ಕುಳಿತೆ. ಹುಡುಗನ ತಂದೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ. ಗೊತ್ತಿದ್ದರೂ ಕೇಳಬೇಕಾದ ಶಾಸ್ತ್ರವಲ್ಲವೇ, "ನಿನ್ನ ಹೆಸರೇನವಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೈವೇಯ ಮೇಲೆ ಆಡುತ್ತಿದ್ದವರ ಟೆನಿಸ್ ಚೆಂಡು ಅಂಗಳ ದಾಟಿ ಪಡಸಾಲೆಗೆ ಉರುಳಿಬಂತು. ನನ್ನ ಹೆಸರು ಬಾಯಲ್ಲೇ ಉಳಿಯಿತು.

ಅವರು ಚೆಂಡನ್ನು ಎತ್ತಿಕೊಂಡರು. "ಬೀಗರ, ಲಂಕಾದವ ಹಿಂಗ ಹಿಡೀತಿದ್ದ ನೋಡ್ರಿ. ಅವನಂಥ ಸ್ಪಿನ್ನರ್ ಹುಟ್ಟಿಲ್ಲ, ಹುಟ್ಟಂಗಿಲ್ಲ."

"ಅದೇನು ಬೌಲಿಂಗ್ ಏನ್ರಿ? ಕಲ್ಲ ಒಗದಂಗ ಒಗೀತಿದ್ದ" ಎಂದ ಕಾಕಾ. ಕಲ್ಲಿನ ವ್ಯಾಪಾರಿಯ ಮುಖ ಕೆಂಪಾಯಿತು. ಕಾಕಾ ಬಿಡಲಿಲ್ಲ: "ಸ್ಪಿನ್ ಅಂದ್ರ ನಮ್ಮ ಬೆಂಗಳೂರಿನವಂದು."

"ಅವನ ಚೆಂಡ ಎಲ್ಲಿ ತಿರಗತಿತ್ರಿ? ಸೀದಾ ಹೋಗತಿತ್ತು."

"ತಿರಗತದ ಅಂತ ತಿಳಕೊಂಡವ ಔಟ್ ಆಗತಿದ್ದನಲ್ರಿ! ಅದಕ್ಕ ತಲಿ ಬೇಕು."

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಹುಡುಗ ಎದ್ದು ನಿಂತ. "ಇಬ್ರೂ ತಪ್ಪ. ಆಸ್ಟ್ರೇಲಿಯಾದವನ ಮುಂದ ಇವರೆಲ್ಲ ಏನೂ ಅಲ್ಲ. ಅಪ್ಪಾ, ನಿನಗ ಕ್ರಿಕೆಟ್ ತಿಳಿಯಂಗಿಲ್ಲ, ಸುಮ್ಮ ಕೂಡು."

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಅಪ್ಪನಿಗೆ ಎದುರಾಡುವ ಗಂಡು! ಇವನಾದರೆ ನನ್ನ ನೌಕರಿ ಉಳಿದೀತು ಎಂದುಕೊಂಡೆ.

ಹೊರಗೆ ಪ್ರತ್ಯೇಕ ರಾಜ್ಯಕ್ಕಾಗಿ ಘೋಷಣೆ ಕೂಗುತ್ತಿದ್ದರು. ಒಳಗೆ ಮೂವರಿಗೂ ಆಗಲೇ ಪ್ರತ್ಯೇಕ ಸ್ಪಿನ್ನರ್ ಮಂಜೂರಾಗಿದ್ದ. ಚೆಂಡು ಬೀಗರ ಮುಷ್ಟಿಯಲ್ಲಿದ್ದ ಕಾರಣ ಕಾಕಾ ನಾನು ಕಟ್ಟಿದ ಶೇಂಗಾ ಉಂಡಿಯನ್ನು ಬೆಂಗಳೂರಿನವನಂತೆ ಹಿಡಿದು ಎಸೆದ. ಅದು ನೆಲಕ್ಕೆ ಬಿದ್ದು ಪುಡಿಪುಡಿಯಾಯಿತು. "ಪಿಚ್ ಸರಿ ಇಲ್ಲ" ಎಂದ. ಅವ್ವ ಪಿಚ್ ಗುಡಿಸಿದಳು. ನೌಕರಿಯ ಮಾತು ತೆಗೆ ಎಂದು ನಾನು ಕಣ್ಸನ್ನೆ ಮಾಡಿದರೆ, ಮೆಚ್ಚಿಕೊಂಡೆನೆಂದು ತಿಳಿದು ಇನ್ನೊಂದು ಉಂಡಿಗೆ ಕೈ ಹಾಕಿದ.

ಸಂಜೆ ರಸ್ತೆ ತೆರೆಯಿತು. ಎಲ್ಲರೂ ಹೊರಬಿದ್ದರು. ಚಪ್ಪಲಿ ಮೆಟ್ಟುತ್ತ ಹಿಂದುಳಿದ ಹುಡುಗ ಮೊದಲ ಬಾರಿಗೆ ನನ್ನೊಡನೆ ಮಾತಾಡಿದ. "ನಿಮ್ಮ ಪ್ರಕಾರ ಯಾರ್ರಿ ದೊಡ್ಡ ಸ್ಪಿನ್ನರ್?"

"ಅದಿರಲ್ರಿ. ಮದಿವ್ಯಾದ ಮ್ಯಾಲೂ ನಾ ನೌಕರಿ ಮಾಡಾಕಿ. ನೀವೇನಂತೀರಿ?"

ಅವನು ಅಂಗಳದತ್ತ ಕಣ್ಣು ಹಾಯಿಸಿದ. ದನಿ ಇಳಿಯಿತು. "ಅಪ್ಪಗ ಕೇಳಿ ಹೇಳ್ತೀನ್ರಿ."

ಚೆಂಡು ಎಷ್ಟು ತಿರುಗಬೇಕೆಂದು ದಿನವಿಡೀ ಅಪ್ಪನ ಬಾಯಿ ಮುಚ್ಚಿಸಿದ ವೀರ! ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಗು ಬಂತು.

ಮರುದಿನ ಬೆಳಿಗ್ಗೆಯೇ ತಾಂಡೂರಿನಿಂದ ಫೋನು. ಕಾಕಾ ಹಿಗ್ಗಿನಿಂದ ಓಡಿಬಂದ. "ಹುಡುಗಿ ಪಸಂದ್ ಆಗ್ಯಾಳಂತ. ಭಾಳ ಶಾಂತ ಅದಾಳ, ದಿನ ಪೂರಾ ಒಂದ್ ಮಾತ ಆಡಲಿಲ್ಲ ಅಂದ್ರು. ನೌಕರಿ ಒಂದ್ ಬಿಟ್ರ ಆತಂತ."

"ನಾ ಒಲ್ಲೆ ಅಂತ ಹೇಳು" ಎಂದೆ. ಅವ್ವ ಅತ್ತಳು. ಕಾಕಾ ತಾಂಡೂರಿಗೆ ಫೋನು ಮಾಡಿ ಒಲ್ಲೆವೆಂದು ಹೇಳಿ, ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದ: "ನಮ್ಮ ಬೆಂಗಳೂರಿನವನ ಸಲುವಾಗಿ ಬಂದ ಸಂಬಂಧಾನೇ ಬಿಟ್ಟೆ ನೋಡ್ರಿ!" ಇವತ್ತಿಗೂ ಹಾಗೆಯೇ ಹೇಳುತ್ತಾನೆ, ಕೇಳಿದವರು ಭೇಷ್ ಅನ್ನುತ್ತಾರೆ.

ನಾನು ಅವತ್ತು ಅವ್ವನ ಅಳು ನಿಲ್ಲುವುದನ್ನು ಕಾಯದೆ ನ್ಯಾಲ್ಕಲ್ ಜೀಪು ಹಿಡಿದೆ. ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಒತ್ತಿಕೊಂಡು, ಸುಖವಾಗಿ ಕುಳಿತೆ.