ಮನೋಹರನ ಎರಡು ಆಟೀನು

ಹೊಳೆನರಸೀಪುರದ ಮುರಳೀಕೃಷ್ಣ ಮೇಷ್ಟ್ರು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತಮ್ಮ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು. ಹೆಂಡತಿ ಕಾವೇರಮ್ಮನವರಿಗೆ ಇರಲಿಲ್ಲ. ಕುಕ್ಕರಿನ ಮೂರು ಕೂಗು ಎಣಿಸಿ ಒಲೆ ಆರಿಸಿ ಎಂದು ಹೇಳಿ ಹೋದರೆ, ಆರನೆಯದಕ್ಕೆ ಪಕ್ಕದ ಮನೆಯವರು ಬಂದು ಆರಿಸಬೇಕಾಗುತ್ತಿತ್ತು.

ಪ್ರತಿ ಮಂಗಳವಾರ ಮಧ್ಯಾಹ್ನ ಮೇಷ್ಟ್ರು ಬಸ್ಸು ಹತ್ತಿ ಹಾಸನದ ಕ್ಲಬ್ಬಿಗೆ ಬ್ರಿಜ್ ಎಂಬ ಇಸ್ಪೀಟಾಟ ಆಡಲು ಹೋಗುತ್ತಿದ್ದರು. ಕಾಸು ಕಟ್ಟುವ ಆಟವಲ್ಲ ಎಂದು ಕಂಡಕ್ಟರಿಗೂ ವಿವರಿಸಿದ್ದರು. ‘ಅಂಗಾರೆ ಯಾಕ್ ಆಡ್ತೀರಾ ಸಾ?’ ಎಂದು ಅವನು ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಹಾಸನ ಬಂದುಬಿಟ್ಟಿತ್ತು.

ಅವರ ಜೊತೆಗಾರ ಅರಕಲಗೂಡಿನ ಮನೋಹರ. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ದರ ಕೂಗುವ ಕೆಲಸದಲ್ಲಿದ್ದವನು. ಸೊಪ್ಪಿನ ಹೊರೆಗಳ, ಅಂದರೆ ಬೇಲುಗಳ, ಸಾಲಿನ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯ ರೈತನ ಎದೆ ನಡುಗಬೇಕು, ಅಂಥ ಗಂಟಲು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಕ್ಲಬ್ಬಿಗೆ ಮೊದಲ ಸಲ ಬಂದಾಗ ಎಲ್ಲರಿಗೂ ಅವರವರ ಜೊತೆಗಾರರು ಇದ್ದರು. ಎದುರಿನ ಕುರ್ಚಿ ಖಾಲಿಯಿದ್ದದ್ದು ಮೇಷ್ಟ್ರದು ಮಾತ್ರ. ಅವರ ಉಪನ್ಯಾಸ ತಾಳಲಾರದೆ ಹಿಂದಿನ ಜೊತೆಗಾರ ಆಟವನ್ನೇ ಬಿಟ್ಟಿದ್ದ.

ಈ ಆಟ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಎಲೆ ಇಳಿಸುವ ಮುಂಚೆ ಆರರ ಮೇಲೆ ಎಷ್ಟು ಸುತ್ತು ಗೆಲ್ಲುತ್ತೇವೆಂದು ಹರಾಜಿನ ಹಾಗೆ ಕೂಗಬೇಕು. ಮನೋಹರ ‘ಒಂದು ನೋಟ್ರಂಪ್’ ಎಂದರೆ ಅವನದು ಬಲವಾದ ಕೈ. ಅದಕ್ಕೆ ಮೇಷ್ಟ್ರು ‘ಎರಡು ಡೈಮನ್’ ಎಂದರೆ ಅವರ ಹತ್ತಿರ ಡೈಮನ್ ಇದೆಯೆಂದಲ್ಲ, ಐದು ಆಟೀನು, ಅಂದರೆ ಹಾರ್ಟ್, ಇವೆಯೆಂದು. ಇದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಸರ್ಕಾರಿ ನೌಕರರ ಟ್ರಾನ್ಸ್‌ಫರಿನಂತೆ ಇದನ್ನೂ ಮರುಮಾತಿಲ್ಲದೆ ಒಪ್ಪಿಕೊಳ್ಳಬೇಕು. ಕೈಯಲ್ಲಿ ಆಟೀನು ಎರಡಿರಲಿ ನಾಲ್ಕಿರಲಿ, ಮನೋಹರ ಹೇಳಬೇಕಾದ್ದು ‘ಎರಡು ಆಟೀನು’ ಅಷ್ಟೆ. ಅವನ ಹತ್ತಿರ ನಾಲ್ಕಿದ್ದರೆ ಮೇಷ್ಟ್ರು ಧೈರ್ಯವಾಗಿ ನಾಲ್ಕಕ್ಕೆ ಏರಿಸಬಹುದು. ಎರಡೇ ಇದ್ದರೆ ಸುಮ್ಮನಾಗುವುದು ಕ್ಷೇಮ. ಎಷ್ಟಿವೆಯೆಂದು ತಿಳಿಯುವುದು ಹೇಗೆ? ನಾಲ್ಕಿದ್ದಾಗ ನೇರವಾಗಿ ಮೂರಕ್ಕೆ ಜಿಗಿಯುವ ಪದ್ಧತಿಯನ್ನು ಹಲವರು ಇಟ್ಟುಕೊಂಡಿರುತ್ತಾರೆ. ಮೇಷ್ಟ್ರಿಗೆ ಅದು ಸೇರದು. ‘ಅದು ಲೆಕ್ಕ ಬರದವರ ಊರುಗೋಲು’ ಎನ್ನುತ್ತಿದ್ದರು. ಯಾವುದೇ ಊರುಗೋಲಿಲ್ಲದೆ, ಏರಿಸಬೇಕಾದಾಗ ಏರಿಸಿ, ನಿಲ್ಲಬೇಕಾದಾಗ ನಿಂತು, ಈ ಜೋಡಿ ಗೆಲ್ಲುತ್ತಲೇ ಬಂದು, ಕ್ಲಬ್ಬಿನ ಗೋಡೆಯ ಗೆದ್ದವರ ಬೋರ್ಡಿನಲ್ಲಿ ಹೆಸರು ಬರೆಸಿಕೊಳ್ಳುತ್ತಲೇ ಹೋಯಿತು.

‘ಅದೆಂಗ್ ಗೊತ್ತಾಯ್ತದೆ ಮೇಷ್ಟ್ರೇ ನಿಮ್ಗೆ?’ ಎಂದು ಮನೋಹರನೇ ಬೆರಗಾಗಿ ಕೇಳುತ್ತಿದ್ದ.

‘ಲೆಕ್ಕ ಕಣೋ’ ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೋದ ವರ್ಷ ಆ ಗಂಟಲಿಗೆ ಕ್ಯಾನ್ಸರ್ ಬಂತು. ಬೀಡಿ ಮುಟ್ಟಿದವನಲ್ಲ. ಡಾಕ್ಟರು ಧ್ವನಿಪೆಟ್ಟಿಗೆ ತೆಗೆದು, ಕತ್ತಿನಲ್ಲಿ ಉಸಿರಿಗೊಂದು ತೂತು ಉಳಿಸಿ, ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ಎಂದರು. ಮೂರು ತಿಂಗಳಾದ ಮೇಲೆ ಮನೋಹರ ಕೊರಳಿಗೆ ಕರವಸ್ತ್ರ ಸುತ್ತಿ, ಜೇಬಿನಲ್ಲಿ ಚೀಟಿಪುಸ್ತಕ ಇಟ್ಟುಕೊಂಡು ಕ್ಲಬ್ಬಿಗೆ ಬಂದ. ಬಾಯಲ್ಲಿ ಕೂಗುವ ಬದಲು ಮೇಜಿನ ಮೇಲಿಡಲು, ಕೂಗುಗಳನ್ನೇ ಅಚ್ಚು ಹಾಕಿದ ಚೀಟಿಗಳ ಡಬ್ಬಗಳು ಸಿಗುತ್ತವೆ. ದೊಡ್ಡ ಊರುಗಳಲ್ಲಿ ಎಲ್ಲರೂ ಆಡುವುದು ಹಾಗೆಯೇ. ಅವನಿಗಾಗಿ ಕ್ಲಬ್ಬಿಗೂ ತರಿಸಿದರು. ‘ಜಿಲ್ಲಾ ಪಂದ್ಯ ಒಂದು ಆಡಿಬಿಟ್ಟರೆ ಸಾಕು’ ಎಂದು ಮನೋಹರ ಬರೆದು ತೋರಿಸಿದ. ಕ್ಲಬ್ಬಿನಿಂದ ಹೋಗುವುದು ಎರಡೇ ಜೋಡಿ. ಆ ಎರಡರಲ್ಲಿ ಇವರಿರುತ್ತಾರೋ ಇಲ್ಲವೋ ಎಂದು ಹಿಂದೆ ಯಾರೂ ಯೋಚಿಸಿರಲಿಲ್ಲ.

ಮೊದಲ ಮಂಗಳವಾರ ಇವರು ಕೊನೆಯಿಂದ ಎರಡನೆಯವರಾದರು. ಎರಡನೆಯ ಮಂಗಳವಾರ ಕೊನೆಯವರಾದರು. ಮೂರನೆಯ ಮಂಗಳವಾರವೂ ಅದೇ ಜಾಗ. ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ, ಕ್ಲಬ್ಬಿನ ಕಾರ್ಯದರ್ಶಿ ಪರಮೇಶ್ ಟೀ ಕುಡಿಯುತ್ತಾ ಕೇಳಿದ: ‘ಏನ್ ಸಾ, ಗಂಟ್ಲು ಹೋಗಿದ್ದು ಅವ್ರುದು. ನಿಮ್ ಲೆಕ್ಕುಕ್ಕೇನಾಯ್ತು?’

ಮೇಷ್ಟ್ರಿಗೆ ಅವಮಾನವಾಯಿತು. ಮನೆಗೆ ಬಂದು ಹಳೆಯ ನೋಟ್‌ಬುಕ್ಕುಗಳನ್ನು ತೆಗೆದರು. ಪ್ರತಿ ಆಟವನ್ನೂ ಬರೆದಿಡುವ ಚಟ ಅವರದು. ಮೂರು ದಿನ ಕೂತು, ಟ್ರಾನ್ಸ್‌ಫರ್ ಆದ ಆಟಗಳನ್ನಷ್ಟೇ ಆರಿಸಿದರು. ಅವರದು ಒಂದೇ ರೀತಿಯ ಕೈ, ದೊಡ್ಡ ಎಲೆಗಳಿಗೆ ಸಿಗುವ ಅದೇ ಏಳು ಪಾಯಿಂಟು, ಅದೇ ಐದು ಆಟೀನು. ಮನೋಹರನಲ್ಲಿ ನಾಲ್ಕಿದ್ದಾಗೆಲ್ಲ ಏರಿಸಿದ್ದರು, ಎರಡಿದ್ದಾಗೆಲ್ಲ ನಿಂತಿದ್ದರು. ಯಾವ ಲೆಕ್ಕದಿಂದಲೂ ಅದನ್ನು ತಿಳಿಯಲು ಸಾಧ್ಯವಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿದರು. ಮನೋಹರನ ಎರಡು ಆಟೀನು ಎರಡು ರೀತಿಯಾಗಿ ಕೇಳಿಸಿತು: ಒಳ್ಳೆಯ ಬೇಲು ಕಂಡವನಂತೆ ಉಬ್ಬಿ ಬರುವುದೊಂದು, ಕಾಟಾಚಾರಕ್ಕೆ ಹೇಳಿದಂತೆ ಒಣಗಿ ಬರುವುದೊಂದು. ಕೂಗು ಏನು ಹೇಳುತ್ತದೋ ಅದನ್ನು ಬಳಸಬಹುದು. ಕೂಗಿದ ದನಿಯನ್ನು ಬಳಸಿದರೆ ಈ ಆಟದಲ್ಲಿ ಅದು ಮೋಸ. ಬೇಕೆಂದು ಮಾಡಿರಲಿಲ್ಲ ನಿಜ. ಆದರೆ ಮೂವತ್ತಮೂರು ವರ್ಷ ಪರೀಕ್ಷಾ ಕೊಠಡಿಯಲ್ಲಿ ‘ಬೇಕೂಂತ ನೋಡ್ಲಿಲ್ಲ ಸಾರ್’ ಎಂದ ಹುಡುಗರನ್ನು ಎಬ್ಬಿಸಿ ಹೊರಗೆ ಕಳಿಸಿದ್ದವರು ಅವರೇ.

ಮರುದಿನವೇ ಅರಕಲಗೂಡಿಗೆ ಹೋದರು. ಮನೋಹರನ ಹೆಂಡತಿ ಸಂಘಮಿತ್ರಾ ಬಾಗಿಲು ತೆಗೆದು, ‘ಬನ್ನಿ ಮೇಷ್ಟ್ರೇ. ಗಂಜೀನೂ ಸರಿಯಾಗ್ ಇಳೀತಿಲ್ಲ. ನೀವ್ ಬಂದ್ರೆ ಇಸ್ಪೀಟೆಲೆ ಮುಂದೆ ಕೂತ್ಕಂಡು ಅರ್ಧ ಲೋಟ ಕುಡೀತಾರೆ’ ಎಂದಳು.

‘ಇನ್ನುಮೇಲೆ ಆಟೀನು ನಾಲ್ಕಿದ್ದರೆ ನೀನು ಮೂರಕ್ಕೆ ಜಿಗಿ. ಎಲ್ಲರಿಗೂ ಮೊದಲೇ ಹೇಳಿ ಆಡೋಣ’ ಎಂದರು ಮೇಷ್ಟ್ರು.

ಮನೋಹರ ಬರೆದ: ‘ಊರುಗೋಲು ನಂಗಾ?’

‘ನಿಂಗಲ್ಲವೋ, ನಂಗೆ.’

ಅವನು ನಂಬಲಿಲ್ಲ. ‘ಗಂಟಲು ಕುಯ್ದವ್ರೆ, ತಲೆ ಕುಯ್ದಿಲ್ಲ. ನಿಮ್ ಲೆಕ್ಕ ಐತಲ್ಲ, ಸಾಕು. ಎರಡು ಅಂದ್ರೆ ಎರಡೇ’ ಎಂದು ಬರೆದು, ಪೆನ್ನಿನ ಟೋಪಿ ಹಾಕಿಬಿಟ್ಟ.

‘ಒಪ್ಕಳಿ ಅಂದ್ರೆ ಒಪ್ಪೋ ಆಸಾಮಿ ಅಲ್ಲ ಬುಡಿ’ ಎಂದಳು ಸಂಘಮಿತ್ರಾ, ಲೋಟ ಹಿಡಿದುಕೊಂಡು.

ಕಾರಣ ಹೇಳಿದರೆ ಒಪ್ಪುತ್ತಿದ್ದ. ಹೇಳಿದರೆ ಇಪ್ಪತ್ತೆರಡು ವರ್ಷದ ಆಟವೇ ಕಳಂಕದ್ದು ಎಂದು ಸಾಯುವವನಿಗೆ ಹೇಳಿದಂತಾಗುತ್ತಿತ್ತು. ಮೇಷ್ಟ್ರು ಕಾಫಿ ಕುಡಿದು ಎದ್ದು ಬಂದರು.

ಅಷ್ಟು ಸೋತರೂ ಪರಮೇಶ್ ಜಿಲ್ಲಾ ಪಂದ್ಯಕ್ಕೆ ಇವರ ಹೆಸರನ್ನೇ ಕಳಿಸಿದ. ‘ಒಂದ್ ದಿನ ಕೂರ್ಲಿ ಬಿಡಿ ಸಾ ಅವ್ರು’ ಎಂದ. ಕನಿಕರದ ಸೀಟು. ಮನೋಹರನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ.

ನಾಲ್ಕನೆಯ ಆಟದಲ್ಲೇ ಅದು ಬಂತು. ಮನೋಹರ ಒಂದು ನೋಟ್ರಂಪ್ ಚೀಟಿ ಇಟ್ಟ. ಮೇಷ್ಟ್ರ ಕೈಯಲ್ಲಿ ಏಳು ಪಾಯಿಂಟು, ಐದು ಆಟೀನು. ಎರಡು ಡೈಮನ್ ಇಟ್ಟರು. ಎದುರಿನಿಂದ ಎರಡು ಆಟೀನಿನ ಚೀಟಿ ಬಂತು. ಅಚ್ಚಾದ ಚೀಟಿ. ಉಬ್ಬಿಲ್ಲ, ಒಣಗಿಲ್ಲ. ಎದುರಿನವನ ಮುಖ ನೋಡಿದರೆ ತಿಳಿಯಬಹುದಿತ್ತು. ಇಪ್ಪತ್ತೆರಡು ವರ್ಷ ಎದುರಿಗೇ ಕಂಡ ಮುಖ. ಮೇಷ್ಟ್ರು ತಲೆ ತಗ್ಗಿಸಿ ಮೇಜಿನ ಹಸಿರು ಬಟ್ಟೆಯನ್ನೇ ನೋಡಿದರು. ಕೊನೆಗೆ ಊಹೆಯ ಮೇಲೆ ನಾಲ್ಕು ಆಟೀನು ಇಟ್ಟರು.

ಮನೋಹರನಲ್ಲಿ ಎರಡೇ ಇದ್ದವು.

ಆಟೀನು ಮೊದಲು ಕೂಗಿದವನು ಅವನಾದ್ದರಿಂದ ಈಗ ಆಡಬೇಕಾದವನೂ ಅವನೇ. ಮೇಷ್ಟ್ರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಯಾವ ಎಲೆ ಇಳಿಸಬೇಕೆಂದು ಮನೋಹರ ಬೆರಳಿನಲ್ಲಿ ತೋರಿಸುತ್ತಾ ಹೋದ. ಕತ್ತಿನ ತೂತಿನಿಂದ ಉಸಿರಿನ ಸದ್ದು ಬರುತ್ತಿತ್ತು. ಹತ್ತು ಸುತ್ತು ಬೇಕಿತ್ತು, ಏಳು ಬಂತು. ಆಟ ಮುಗಿದ ಮೇಲೆ ಚೀಟಿಪುಸ್ತಕ ತೆಗೆದು ಬರೆದ: ‘ಎರಡೇ ಅಂತ ಗೊತ್ತಾಗ್ಲಿಲ್ವಾ?’

‘ಇಲ್ಲ ಕಣೋ. ಯಾವತ್ತೂ ನಂಗೆ ಗೊತ್ತಾಗ್ತಿರಲಿಲ್ಲ. ನಿನ್ನ ದನಿ ಹೇಳ್ತಿತ್ತು.’

ಮನೋಹರ ಅವರನ್ನೇ ನೋಡಿದ. ಹರಾಜು ಕೂಗಿದವನಿಗೆ ದನಿಯ ವಿಷಯ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಳಿದ ಆಟಗಳನ್ನು ಒಂದೂ ಬಿಡದೆ ಆಡಿದ. ಸಂಜೆ ಕೊನೆಯ ಸ್ಥಾನದ ಪಟ್ಟಿಗೆ ತಾನೇ ಸಹಿ ಹಾಕಿದ. ಕಾರು ಹತ್ತುವ ಮುಂಚೆ ಒಂದು ಚೀಟಿ ಹರಿದು ಮೇಷ್ಟ್ರ ಕೈಗಿತ್ತ: ‘ಕ್ಲಬ್ ಬೋರ್ಡಿಂದ ನಮ್ ಹೆಸ್ರು ತೆಗ್ಸಿ.’

ಅದಾಗಿ ಐದು ವಾರಕ್ಕೆ ಹೋಗಿಬಿಟ್ಟ.

ತಿಥಿಯಂಥದ್ದೇನನ್ನೂ ಮನೋಹರನ ಮನೆಯಲ್ಲಿ ಮಾಡುವುದಿಲ್ಲ. ಬುದ್ಧನ ಫೋಟೊದ ಮುಂದೆ ದೀಪ ಹಚ್ಚಿ, ಬಂದವರೆಲ್ಲ ಸ್ವಲ್ಪ ಹೊತ್ತು ಕೂತಿದ್ದರು. ಮುಂದಿನ ಮಂಗಳವಾರ ಮೇಷ್ಟ್ರು ಒಂದು ಸಣ್ಣ ಡಬ್ಬಿ ಕಪ್ಪು ಬಣ್ಣ, ಬ್ರಷ್ಷು ಹಿಡಿದು ಕ್ಲಬ್ಬಿಗೆ ಹೋದರು. ಗೆದ್ದವರ ಬೋರ್ಡಿನಲ್ಲಿ ಹನ್ನೊಂದು ಕಡೆ ‘ಮನೋಹರ – ಮುರಳೀಕೃಷ್ಣ’ ಎಂದಿತ್ತು.

ವಿಷಯ ಕೇಳಿ ಪರಮೇಶ್ ಟೀ ಲೋಟ ಕೆಳಗಿಟ್ಟ. ‘ಅಯ್ಯೋ ಸಾ, ಅವ್ರು ಎರಡಾಟೀನು ಅಂದೇಟ್ಗೆ ಎಷ್ಟವೆ ಅಂತ ಇಡೀ ಹಾಲ್‌ಗೇ ಗೊತ್ತಾಯ್ತಿತ್ತು. ನಾವೂ ಅದುನ್ನೇ ಕೇಳ್ಕಂಡು ಆಡ್ತಿದ್ವಿ. ಗೊತ್ತಿಲ್ದೆ ಇದ್ದೋರು ನೀವಿಬ್ರೇ.’

ಮೇಷ್ಟ್ರು ಕುರ್ಚಿ ಎಳೆದು ಹತ್ತಿದರು. ಪರಮೇಶ್ ಗೊಣಗುತ್ತಲೇ ಕುರ್ಚಿಯ ಕಾಲು ಹಿಡಿದುಕೊಂಡ. ಮೇಲಿನ ಸಾಲಿನಿಂದ ಶುರು ಮಾಡಿ ಮುರಳೀಕೃಷ್ಣ ಎಂಬ ಹೆಸರಿನ ಮೇಲೆ ಒಂದೊಂದಾಗಿ ಕಪ್ಪು ಬಳಿದರು. ಹನ್ನೊಂದೂ ಮುಗಿದ ಮೇಲೆ ಬ್ರಷ್ಷು ಮನೋಹರನ ಹೆಸರಿನ ಹತ್ತಿರ ಹೋಗಿ ನಿಂತಿತು. ಹಾಗೇ ಹಿಂದಕ್ಕೆ ಬಂತು. ಕೂಗುವವನ ದನಿ ಹೇಗಿದ್ದರೂ, ಅದನ್ನು ಕೇಳಿಸಿಕೊಂಡು ಆಡಿದ್ದು ಅವನಲ್ಲ.

‘ಜೋಡಿ ಆಟ ಸಾ ಇದು’ ಎಂದ ಪರಮೇಶ್ ಕೆಳಗಿನಿಂದ. ‘ಒಬ್ರುದೇ ಹೆಸ್ರಿದ್ರೆ ಓದ್ದೋರು ಏನಂತ ತಿಳ್ಕಬೇಕು?’

‘ಇನ್ನೊಬ್ಬನಿಗೆ ಆಡೋಕೆ ಬರ್ತಿರಲಿಲ್ಲ ಅಂತ’ ಎಂದು ಮೇಷ್ಟ್ರು ಇಳಿದು, ಕೈಗೆ ಹತ್ತಿದ ಬಣ್ಣ ತೊಳೆಯಲು ನಲ್ಲಿಯ ಕಡೆ ನಡೆದರು.