ಚಾಪೆಯವರ ಕಾಫಿ

ನಮ್ಮೂರ ಮುಖ್ಯಸ್ಥನ ಹೆಂಡತಿ ವಿನಾರ್ತಿಯ ಹೆಸರೆತ್ತಿದರೆ ನಾನು ಈಗಲೂ ಪಕ್ಕಕ್ಕೆ ತಿರುಗಿ ಉಗಿಯುತ್ತೇನೆ.

ಪಕ್ಕದ ಮನೆಯ ಕಸಿಯೆಮ್ ದೊಡ್ಡಮ್ಮ ತೆಮಾಂಗುಂಗ್ ಸೀಮೆಯ ಈ ಗುಡ್ಡದೂರಿನಲ್ಲಿ ಮೂವತ್ತು ವರ್ಷ ಎಲ್ಲರ ಮದುವೆಗೂ ಕಾಫಿ ಕುಟ್ಟಿದವಳು. ಬೀಜ ಮದುವೆಮನೆಯವರದು, ಒರಳು ಅವಳದು. ಮಣ್ಣಿನ ಬಾಣಲೆಯಲ್ಲಿ ಹುರಿದು, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಕೂಲಿ ಮುಟ್ಟುತ್ತಿರಲಿಲ್ಲ. ಇದು ಕಸಿಯೆಮ್ ಕೈಯ ಕಾಫಿ ಎಂದು ಜನ ಗುರುತಿಸಬೇಕು, ಅಷ್ಟೇ ಅವಳ ಆಸೆ. ಮನೆಮಟ್ಟಿಗೆ ಬಡತನಕ್ಕೆ ಮೆಕ್ಕೆಜೋಳ ಬೆರೆಸಿ ಕುಡಿಯುವುದು ನಮ್ಮಲ್ಲಿ ಇದ್ದದ್ದೇ. ನೆಂಟರಿಗೆ ಮಾತ್ರ ಯಾರೂ ಬೆರೆಸುವುದಿಲ್ಲ.

ವಿನಾರ್ತಿ ಬೆರೆಸಿದಳು. ಮಗಳ ಮದುವೆಗೆ ಮೂರು ದಿನ ಇರುವಾಗ ಎರಡು ಚೀಲ ತಂದು ಇಳಿಸಿದಳು. ಚಿಕ್ಕದರಲ್ಲಿ ಒಳ್ಳೆಯ ಬೀಜ. ದೊಡ್ಡದರಲ್ಲಿ ಅರ್ಧಕ್ಕಿಂತ ಹೆಚ್ಚು ಜೋಳ.

"ಚಿಕ್ಕದು ಕುರ್ಚಿ ಮೇಲೆ ಕೂರೋರಿಗೆ, ದೊಡ್ಡದು ಚಾಪೆಯೋರಿಗೆ, ಕಸಿಯೆಮಕ್ಕ."

"ಚಾಪೆಯೋರಿಗೆ ಬಾಯಿ ಇಲ್ವಾ ಅಮ್ಮಾ?"

"ಬಾಯಿ ಇದೆ, ರುಚಿ ಎಲ್ಲಿದೆ? ಬಿಸಿಯಾಗಿದ್ರೆ ಸಾಕು ಅವ್ರಿಗೆ."

ಮದುವೆಮನೆಯ ಕೆಲಸಕ್ಕೆ ಒಲ್ಲೆ ಅಂದವರ ಹೆಣಕ್ಕೆ ನಮ್ಮೂರಲ್ಲಿ ಹೆಗಲು ಸಿಗುವುದಿಲ್ಲ. ದೊಡ್ಡಮ್ಮ ಒಪ್ಪಿದಳು. ಆದರೆ ಗಂಡನಿಗೆ ಹೇಳಿದಳಂತೆ: "ಮೂವತ್ತು ವರ್ಷ ನನ್ನ ಕಾಫಿ ಕುಡಿದ ನಾಲಿಗೆ ಅವು. ಮೊದಲ್ನೇ ಗುಟುಕಿಗೇ ಥೂ ಅಂತಾರೆ. ಚಾಪೆಯೋರಿಗೆ ರುಚಿ ಇದ್ಯೋ ಇಲ್ವೋ ಅವ್ಳಿಗೂ ಗೊತ್ತಾಗ್ಲಿ." ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಮದುವೆಯ ಬೆಳಿಗ್ಗೆ ದೊಡ್ಡಮ್ಮ ಅಡುಗೆ ಚಪ್ಪರದ ಕಂಬಕ್ಕೆ ಒರಗಿ ಚಾಪೆಯವರ ಮುಖಗಳನ್ನೇ ನೋಡುತ್ತ ನಿಂತಿದ್ದಳು. ಸುಟ್ಟ ವಾಸನೆಯ ಆ ಗಂಜಿಯನ್ನು ನಮ್ಮ ಜನ ಚಪ್ಪರಿಸಿ ಚಪ್ಪರಿಸಿ ಕುಡಿದರು. ಮಸೀದಿಯಲ್ಲಿ ಬಾಂಗ್ ಕೂಗುವ ಮುದುಕ ಸರೋನಿ ಲೋಟದ ತಳದ ಗಷ್ಟನ್ನೂ ಬೆರಳಲ್ಲಿ ಬಳಿದು, "ಕಸಿಯೆಮ್ ಕೈ ಅಂದ್ರೆ ಕೈ ಕಣ್ರೋ" ಎಂದ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಅವನನ್ನು ಬೈಯೋಣವೆಂದರೆ, ಆಗಲೇ ನಾನೂ ಖಾಲಿ ಲೋಟ ಹಿಡಿದು ಅವಳ ಹತ್ತಿರ ಹೋಗಿದ್ದೆ.

"ದೊಡ್ಡಮ್ಮ, ಈ ಸಲ ಘಮ ಜಾಸ್ತಿ ಬಂದಿದೆ. ಇನ್ನೊಂದು ಲೋಟ ಹಾಕು."

ಚರಂಡಿಯಲ್ಲಿ ಬಿದ್ದದ್ದನ್ನು ನೋಡುವಂತೆ ಅವಳು ನನ್ನ ಬಾಯಿಯನ್ನು ನೋಡಿದಳು.

"ಒಂದ್ಯಾಕೆ, ಕೊಡ ತುಂಬಾ ತಗೊಂಡ್ಹೋಗು," ಎಂದಳು. "ಅದು ಜೋಳ ಕಣೆ."

ಹೆಣಕ್ಕೆ ಹೆಗಲು ಸಿಗದಿದ್ದರೆ ಬೇಡ ಎಂದು ಅಂದಿನಿಂದ ಅವಳು ಯಾರಿಗೂ ಕುಟ್ಟಿಕೊಟ್ಟಿಲ್ಲ. ನಮ್ಮ ಮದುವೆಗಳಿಗೀಗ ಅಂಗಡಿಯ ಪೊಟ್ಟಣ ಬರುತ್ತದೆ. ಯಾರೂ ತಕರಾರು ತೆಗೆದಿಲ್ಲ, ಅದೂ ಒಂದು ಅಸಹ್ಯ. ಅವಳ ಒನಕೆಯ ಸದ್ದು ಮಾತ್ರ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೇಳುತ್ತದೆ.

ಹೋದ ವಾರ ನಾಚಿಕೆ ಬಿಟ್ಟು ಹೋಗಿ ಅವಳ ಅಡುಗೆಮನೆಯಲ್ಲಿ ಕುಳಿತೆ. ಒಂದು ಲೋಟ ಕಾಫಿ ಮಾಡಿ ತಾನು ಹಿಡಿದುಕೊಂಡಳು. ಬಿಸಿನೀರಿಗೆ ಬೆಲ್ಲ ಕದಡಿ ನನ್ನ ಮುಂದಿಟ್ಟಳು. "ಬಿಸಿ ಇದೆ, ಕುಡಿ," ಎಂದಳು. ನಾನು ಕುಡಿದೆ.